ಹೋಗಿಬರುವ ಊರುಗಳು

ಒಂದು ಊರಿನ ದೊಡ್ಡಸ್ತಿಕೆಯನ್ನು ಅದರ ಕಟ್ಟಡಗಳಿಂದ ಅಳೆಯುವವರಿದ್ದಾರೆ, ಜನಸಂಖ್ಯೆಯಿಂದ ಅಳೆಯುವವರಿದ್ದಾರೆ. ನನ್ನನ್ನು ಕೇಳಿದರೆ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿಕೊಳ್ಳಬಹುದಾದ ಎಷ್ಟು ಊರುಗಳು ಅದರ ಸುತ್ತಮುತ್ತ ಇವೆ ಎಂಬುದರಿಂದಲೂ ಅಳೆಯಬಹುದು. ಆ ಲೆಕ್ಕದಲ್ಲಿ ನಮ್ಮ ಬೆಂಗಳೂರು ಭಾಗ್ಯವಂತ ಊರು. ಒಂದು ಕಡೆ ನಂದಿ, ಇನ್ನೊಂದು ಕಡೆ ಶಿವಗಂಗೆ. ಆದರೆ ಚಾಮರಾಜಪೇಟೆಯ ನಮ್ಮ ವಠಾರದ ಮಟ್ಟಿಗೆ ಹೋಗಿಬರುವ ಊರುಗಳೆಂದರೆ ನಾಲ್ಕೇ: ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ.

ಪಿಕ್‌ನಿಕ್ ಎಂಬ ಮಾತು ಆಗ ನಮ್ಮ ಮನೆಯೊಳಕ್ಕೆ ಬಂದಿರಲಿಲ್ಲ. ವನಭೋಜನ ಎನ್ನೋಣವೆಂದರೆ ಅದು ಕಾರ್ತಿಕ ಮಾಸಕ್ಕೆ ಸೇರಿದ್ದು, ಅದಕ್ಕೆ ಪುರೋಹಿತರು ಬೇಕು, ನೆಲ್ಲಿಯ ಮರ ಬೇಕು. ನಮ್ಮ ತಂದೆಯವರು ಹೇಳುತ್ತಿದ್ದುದು ಇಷ್ಟೆ: “ಬರೋ ಭಾನುವಾರ ಹೋಗಿಬರೋಣ.” ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾಲ್ಕರಲ್ಲಿ ಒಂದು ಎಂಬುದು ಎಲ್ಲರಿಗೂ ತಿಳಿದಿತ್ತು.

ನಾನು ಹೇಳುತ್ತಿರುವುದು 1960ರ ದಶಕದ ಮೊದಲ ವರ್ಷಗಳ ಮಾತು. ಆಗ ಈ ನಾಲ್ಕೂ ಬೆಂಗಳೂರು ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದುವು. 1986ರಲ್ಲಿ ಬೆಂಗಳೂರು ಗ್ರಾಮಾಂತರವೆಂದು ಬೇರೆ ಜಿಲ್ಲೆಯಾದಾಗ ಅವು ಅತ್ತ ಹೋದುವು. 2007ರಲ್ಲಿ ರಾಮನಗರವೇ ಜಿಲ್ಲೆಯಾಯಿತು. ಚನ್ನಪಟ್ಟಣದಲ್ಲಿದ್ದ ನಮ್ಮ ಸೋದರತ್ತೆ, ಇದ್ದ ಮನೆಯ ಹೊಸಿಲು ದಾಟದೆ ಮೂರು ಜಿಲ್ಲೆಗಳಲ್ಲಿ ಸಂಸಾರ ಮಾಡಿದರು. ಆಮೇಲೆ ಹಾರೋಹಳ್ಳಿ ಐದನೆಯ ತಾಲ್ಲೂಕಾಗಿ ಸೇರಿಕೊಂಡಿತು. 2025ರಲ್ಲಿ ರಾಜ್ಯ ಸರ್ಕಾರ ಇಡೀ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಅಂತೂ ಸುತ್ತಿ ಸುತ್ತಿ ಅವು ಬೆಂಗಳೂರಿನ ಹೆಸರಿಗೇ ಮರಳಿದುವು. ಹೆಸರಿನಲ್ಲಿ ಹತ್ತಿರವಾದುವೇ ಹೊರತು ನಿಜವಾಗಿಯೂ ಹತ್ತಿರವಾದುವೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ವಠಾರದ ವಿಷಯ ಎರಡು ಮಾತು ಹೇಳಬೇಕು. ಹೊರಗೆ ಹೋಗುವ ಸುಖ ತಿಳಿಯಬೇಕಾದರೆ ಒಳಗಿನ ದಿನಚರಿ ತಿಳಿದಿರಬೇಕು. ಎಂಟು ಮನೆ, ಒಂದು ನಲ್ಲಿ. ನೀರು ಬರುತ್ತಿದ್ದುದು ನಸುಕಿನಲ್ಲಿ. ಅಮ್ಮನ ದಿನ ಆರಂಭವಾಗುತ್ತಿದ್ದುದು ಕೋಳಿ ಕೂಗಿನಿಂದಲ್ಲ, ನಲ್ಲಿ ಕೆಮ್ಮುವ ಶಬ್ದದಿಂದ. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿಯಾದ ನೀರು. ಅದು ತಿಪ್ಪಗೊಂಡನಹಳ್ಳಿಯ ನೀರು ಎಂದು ತಂದೆಯವರು ಹೇಳುತ್ತಿದ್ದರು. ಮಾಗಡಿ ತಾಲ್ಲೂಕಿನಲ್ಲಿ ಅರ್ಕಾವತಿಗೆ 1930ರ ದಶಕದಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ಹರಿಸಿದ್ದು. ಎಂಟು ಮನೆಯ ಬಿಂದಿಗೆಗಳು ಸಾಲಾಗಿ ಕೂತು, ಅವುಗಳ ಹಿಂದೆ ಎಂಟು ಮನೆಯ ಗೃಹಿಣಿಯರು ನಿಂತು, ಅರ್ಧ ಗಂಟೆಯಲ್ಲಿ ಮೂರು ಜಗಳ, ನಾಲ್ಕು ರಾಜಿ. ತಂದೆಯವರು ಗುಮಾಸ್ತರು. ಹತ್ತಕ್ಕೆ ಸರಿಯಾಗಿ ಸೈಕಲ್ಲಿನ ಮೇಲೆ ಹೊರಟರೆ ಸಂಜೆ ಬಂದು ರೇಡಿಯೋ ಮುಂದೆ ಕೂಡುವರು. ಅವರು ಕೂತಾಗ ನಾವು ಮಾತನಾಡಬಾರದು. ಅಮ್ಮ ಕೂತದ್ದನ್ನು ನಾವು ಯಾರೂ ನೋಡಿದವರಲ್ಲ. ಎಲ್ಲರಿಗೂ ಬಡಿಸಿ, ಒಲೆ ಸಾರಿಸಿ, ಕತ್ತಲೆಯ ಅಡುಗೆಮನೆಯಲ್ಲಿ ಅವಳು ಊಟ ಮಾಡುತ್ತಿದ್ದಳು ಎಂಬುದನ್ನು ನಾವು ಊಹೆಯಿಂದ ಬಲ್ಲೆವು.

ಇಂಥ ಮನೆಯಲ್ಲಿ “ಹೋಗಿಬರೋಣ” ಎಂಬ ಮಾತು ಬಿದ್ದೊಡನೆ ಆಗುತ್ತಿದ್ದ ಸಂಭ್ರಮವನ್ನು ಏನೆಂದು ಹೇಳಲಿ! ಶನಿವಾರ ಸಂಜೆಗೇ ಪುಳಿಯೋಗರೆ ಗೊಜ್ಜು ಕುದಿಯುತ್ತಿತ್ತು. ಅದರ ವಾಸನೆ ಎಂಟೂ ಮನೆಗೆ ಹೋಗಿ, ನಾವು ಬಾಯಿ ಬಿಡುವ ಮೊದಲೇ ವಠಾರಕ್ಕೆ ಸುದ್ದಿ ಮುಟ್ಟುತ್ತಿತ್ತು. “ಯಾವ ಕಡೆ ಪ್ರಯಾಣ ಮಕ್ಕಳೇ?” ಎಂದು ಎದುರು ಮನೆಯ ಅಜ್ಜಿ ಕೇಳುವರು. ಬೆಳಗಿನ ಝಾವ ಮೂರು ಗಂಟೆಗೆ ಎದ್ದು ಅಮ್ಮ ಅನ್ನ ಮಾಡಿ, ಅಗಲವಾದ ತಟ್ಟೆಯಲ್ಲಿ ಹರಡಿ, ಬೀಸಣಿಗೆಯಿಂದ ಆರಿಸಿ ಗೊಜ್ಜು ಕಲಸುವಳು. ಮೊಸರನ್ನಕ್ಕೆ ಮೊಸರು ಕಡಿಮೆ, ಹಾಲು ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಬಾರದಲ್ಲ! ಮುತ್ತುಗದ ಎಲೆಯ ಕಟ್ಟು, ಹಿತ್ತಾಳೆಯ ಕೂಜ, ಒಂದು ಜಮಖಾನೆ, ಅಜ್ಜಿಯ ಅಮೃತಾಂಜನದ ಸೀಸೆ. ಕೊನೆಯಲ್ಲಿ ತಂದೆಯವರು ರೇಡಿಯೋ ಆರಿಸಿ, ಅಕ್ಕ ಕಸೂತಿ ಹಾಕಿದ್ದ ಬಟ್ಟೆಯನ್ನು ಅದರ ಮೇಲೆ ಹೊದಿಸುವರು. ಆ ಬಟ್ಟೆ ಬಿತ್ತೆಂದರೆ ಪ್ರಯಾಣ ಖಂಡಿತ ಎಂದು ಅರ್ಥ. ಅಲ್ಲಿಯವರೆಗೆ ನಮಗೆ ನಂಬಿಕೆ ಇರುತ್ತಿರಲಿಲ್ಲ.

ಚನ್ನಪಟ್ಟಣಕ್ಕೆ ರೈಲು. ಬೆಂಗಳೂರಿನಿಂದ ಮೈಸೂರಿಗೆ 1880ರ ದಶಕದಲ್ಲಿ ಹಾಕಿದ ಮೀಟರ್ ಗೇಜ್ ಹಳಿ, ಉಗಿಬಂಡಿ. ಕಿಟಕಿಯ ಬಳಿ ಕೂತವನಿಗೆ ಗಾಳಿಯ ಜೊತೆಗೆ ಇದ್ದಿಲ ಕಣವೂ ಉಚಿತ. ಕಣ್ಣಿಗೆ ಬಿದ್ದರೆ ಅಮ್ಮ ಸೆರಗಿನ ತುದಿಯನ್ನು ಹುರಿಮಾಡಿ ತೆಗೆಯುವಳು. ನಾಯಂಡಹಳ್ಳಿ, ಕೆಂಗೇರಿ, ಹೆಜ್ಜಾಲ, ಬಿಡದಿ, ರಾಮನಗರ. ನನ್ನ ತಮ್ಮನಿಗೆ ಮಗ್ಗಿ ಬಾರದಿದ್ದರೂ ಈ ಸ್ಟೇಷನ್ನುಗಳ ಪಾಠ ಮಾತ್ರ ಹಿಂದುಮುಂದಾಗಿ ಬರುತ್ತಿತ್ತು. ಗಾಡಿ ನಿಂತಲ್ಲೆಲ್ಲ ಒಂದು ಹೊಸ ಲೋಕ. ಒಂದು ಕಡೆ ಸೀಬೆ ಹಣ್ಣಿನ ಬುಟ್ಟಿ, ಇನ್ನೊಂದು ಕಡೆ ಎಳನೀರು. ನೀರು ಹಿಡಿಯಲು ಇಳಿದ ತಂದೆಯವರು ಹತ್ತಿದರೋ ಇಲ್ಲವೋ ಎಂಬ ಆತಂಕ ಪ್ರತಿ ನಿಲ್ದಾಣದಲ್ಲೂ ಹೊಸದಾಗಿ ಹುಟ್ಟುತ್ತಿತ್ತು. ಕೆಂಗೇರಿಯ ಈಚೆಗೆ ಹಳಿಯ ಪಕ್ಕದಲ್ಲಿ ವೃಷಭಾವತಿ ಹರಿಯುವುದು ಕಾಣುತ್ತಿತ್ತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದೆಂದು ಪ್ರತೀತಿಯಿರುವ ನದಿ. ಬಂಡೆಗಳ ಮೇಲೆ ಬಟ್ಟೆ ಒಗೆಯುವವರನ್ನೂ ದನ ಮೈತೊಳೆಯುವವರನ್ನೂ ಕಂಡ ನೆನಪು ನನಗೆ ಈಗಲೂ ಇದೆ. ಅಜ್ಜಿ ಅದಕ್ಕೂ ಕಿಟಕಿಯಿಂದಲೇ ಕೈಮುಗಿಯುವರು.

ರಾಮನಗರವನ್ನು ಅಜ್ಜಿ ರಾಮನಗರವೆಂದು ಕರೆದವರಲ್ಲ. ಅವರಿಗದು ಕೊನೆಯವರೆಗೂ ಕ್ಲೋಸ್‌ಪೇಟೆ. 1799ರಲ್ಲಿ ಟಿಪ್ಪುಸುಲ್ತಾನನ ಪತನವಾದ ಮೇಲೆ ಮೈಸೂರು ದರ್ಬಾರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಅದು. ಊರು ಆ ಹೆಸರನ್ನು ಬಿಟ್ಟರೂ ಕಲ್ಲು ಬಿಟ್ಟಿಲ್ಲ. ಸುತ್ತಲಿನ ಗುಡ್ಡಗಳ ಶಿಲೆಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೇಳುತ್ತಾರೆ. ಕರ್ನಾಟಕದ ಉದ್ದಕ್ಕೂ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರು ಚಾಚಿಕೊಂಡಿರುವ ಶಿಲಾಪಟ್ಟಿ ಇದು. ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ರಾಮದೇವರ ಬೆಟ್ಟ ಅದರ ಒಂದು ತುಣುಕು.

ಆ ಬೆಟ್ಟವನ್ನು ಹತ್ತುವಾಗ ನಮಗೆ ದೇವರಿಗಿಂತ ಹೆಚ್ಚು ಆಸಕ್ತಿಯಿದ್ದುದು ರಣಹದ್ದುಗಳಲ್ಲಿ. ಬಂಡೆಯ ಚಾಚುಗಳ ಮೇಲೆ ಕೋಟು ತೊಟ್ಟ ಮುದುಕರ ಹಾಗೆ ಕುಗ್ಗಿ ಕೂತಿರುತ್ತಿದ್ದುವು. “ನಮ್ಮ ಆಫೀಸಿನ ಸೂಪರಿಂಟೆಂಡೆಂಟರು ಭಾನುವಾರ ಇಲ್ಲಿಗೆ ಬರುತ್ತಾರೆ” ಎಂದು ತಂದೆಯವರು ನಮಗೆ ಮಾತ್ರ ಕೇಳುವಂತೆ ಹೇಳಿದ್ದುಂಟು. ಆಫೀಸಿನ ವಿಷಯದಲ್ಲಿ ಅವರು ತಮಾಷೆ ಮಾಡಿದ್ದನ್ನು ನಾವು ಮನೆಯಲ್ಲಿ ಎಂದೂ ಕೇಳಿರಲಿಲ್ಲ. 1973ರಿಂದ ಎರಡು ವರ್ಷ ಇದೇ ಬಂಡೆಗಳ ನಡುವೆ ‘ಶೋಲೆ’ ಚಿತ್ರ ತಯಾರಾಯಿತು. 1975ರ ಆಗಸ್ಟಿನಲ್ಲಿ ಅದು ಬಿಡುಗಡೆಯಾದ ಮೇಲೆ ದೇಶದ ಜನಕ್ಕೆ ಇದು ಗಬ್ಬರ್ ಸಿಂಗನ ಬೆಟ್ಟವಾಯಿತು. ಆಗಲಿ, ಸಂತೋಷ. ಆದರೆ ಗಬ್ಬರ್ ಸಿಂಗನಿಗಿಂತ ಹಳಬರಾದ ಆ ಹದ್ದುಗಳ ಗತಿ ಏನಾಯಿತೆಂದು ಕೇಳುವವರು ಕಡಿಮೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸಿ, ದೇಶದಲ್ಲಿ ಅವುಗಳ ಸಂತತಿಯನ್ನೇ ಬಹುಮಟ್ಟಿಗೆ ಅಳಿಸಿಹಾಕಿತು. ಪಶುವೈದ್ಯದಲ್ಲಿ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಿದರು. 2012ರಲ್ಲಿ ಈ ಬೆಟ್ಟದ ಸುತ್ತ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದುಗಳ ಧಾಮವೆಂದು ಘೋಷಿಸಿದ್ದಾರೆ. ಉದ್ದ ಕೊಕ್ಕಿನ ಹದ್ದುಗಳು ಕೈಬೆರಳಲ್ಲಿ ಎಣಿಸುವಷ್ಟಾದರೂ ಉಳಿಯಲಿ ಎಂಬುದು ಆಸೆ.

ಬೆಟ್ಟ ಇಳಿದು ಊರೊಳಗೆ ಬಂದರೆ ರೇಷ್ಮೆಯ ವಾಸನೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಕಡೆ ಏಳುವ ವಾಸನೆ ಅದು, ಮೂಗು ಮುಚ್ಚಿಕೊಂಡ ನಮ್ಮಕ್ಕನಿಗೆ ಅಜ್ಜಿ, “ನಿನ್ನ ಮದುವೆ ದಿನ ಮೂಗು ಮುಚ್ಚಿಕೋತೀಯೇನೇ?” ಎಂದರು. ಅಕ್ಕ ಕೈ ತೆಗೆದಳು.

ಇನ್ನು ಚನ್ನಪಟ್ಟಣ. ಅಲ್ಲಿ ಅತ್ತೆಯ ಮನೆಯಿದ್ದುದರಿಂದ ಹೋಗಿಬರುವುದು ಎಂಬುದಕ್ಕೆ ಅಲ್ಲಿ ಪೂರ್ಣಾರ್ಥ. ಅತ್ತೆ ನಮ್ಮ ಬುತ್ತಿಯನ್ನು ನೋಡಿ ಪ್ರತಿಸಲವೂ ಮುನಿಸಿಕೊಳ್ಳುವರು: “ತೌರುಮನೆಯವರು ನನ್ನ ಮನೆಗೆ ಅನ್ನ ಹೊತ್ತುಕೊಂಡು ಬರೋ ಹಾಗಾಯಿತೇ?” ಅಮ್ಮ ಪ್ರತಿಸಲವೂ, “ದಾರಿಗೆ ಅಂತ ತಂದದ್ದು ಅತ್ತಿಗೆ, ಮಕ್ಕಳು ತಿನ್ನಲಿಲ್ಲ” ಎನ್ನುವಳು. ಆಮೇಲೆ ಅತ್ತೆ ಮಾಡಿದ ಅಡುಗೆಯನ್ನು ನಾವು ತಿನ್ನುವುದು, ನಮ್ಮ ಪುಳಿಯೋಗರೆಯನ್ನು ಅತ್ತೆಯ ಮನೆಯವರು ತಿನ್ನುವುದು. ಇದು ಪದ್ಧತಿ.

ಮಧ್ಯಾಹ್ನ ಮಾವ ನಮ್ಮನ್ನು ಬೊಂಬೆ ಮಾಡುವವರ ಕೇರಿಗೆ ಕರೆದುಕೊಂಡು ಹೋಗುವರು. ಅವರಿಗೆ ಪರಿಚಯದ ಒಬ್ಬ ಸಾಹೇಬರಿದ್ದರು. ಇಡೀ ಕುಟುಂಬ ಮರ ಕಡೆಯುವ ಕೆಲಸದಲ್ಲಿ. ಆಲೆ ಮರ ಎನ್ನುತ್ತಾರೆ. ಬೆಳ್ಳಗೆ, ಹಗುರಾಗಿ, ನವಿರಾಗಿ, ಮಗುವಿನ ಹಲ್ಲಿಗೂ ಮೆತ್ತಗೆ. ಒಣಗಿಸಿದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ ಉಳಿ ಹಿಡಿದರೆ, ಉದ್ದುದ್ದ ಸಿಪ್ಪೆ ಸುರುಳಿ ಸುರುಳಿಯಾಗಿ ಹೊರಟು, ಕಣ್ಣೆದುರಿಗೇ ಬುಗುರಿಯ ಹೊಟ್ಟೆ ಮೂಡುವುದು. ಆಮೇಲೆ ಬಣ್ಣ. ಕುಂಚವಿಲ್ಲ, ಡಬ್ಬಿಯಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರವನ್ನು ಸುತ್ತಿಕೊಳ್ಳುತ್ತದೆ. ಮೇಲೆ ಒಣಗಿದ ತಾಳೆಗರಿಯನ್ನು ಹಿಡಿದರೆ ಹೊಳಪು. ಕೆಂಪಿನ ಪಕ್ಕದಲ್ಲಿ ಹಳದಿ, ಹಳದಿಯ ಪಕ್ಕದಲ್ಲಿ ಹಸಿರು, ಒಂದರ ಮೇಲೊಂದು ಹರಿಯದಂತೆ ಗೆರೆ ಹಿಡಿಯುವುದು ಕೈಯ ಅಭ್ಯಾಸ. ಅದನ್ನು ಬಾಯಿಂದ ಹೇಳಿಕೊಡಲು ಬರುವುದಿಲ್ಲ ಎಂದು ಅವರು ಹೇಳಿದರು. ಒಂದು ಸಲ ಅಕ್ಕನ ಕೈಗೆ ಅರಗಿನ ಕಡ್ಡಿ ಕೊಟ್ಟು, ಅವಳ ಕೈಯ ಮೇಲೆ ತಮ್ಮ ಹೆಂಡತಿಯ ಕೈ ಇರಿಸಿ, ಒಂದು ಗಿಲಕಿಗೆ ಕೆಂಪು ಗೆರೆ ಹಾಕಿಸಿದರು. ಆ ಗಿಲಕಿ ಆಮೇಲೆ ಅಕ್ಕನ ಮೂವರು ಮಕ್ಕಳಿಗೆ ಆಟಕ್ಕೆ ಬಂತು. ಗೆರೆ ಸ್ವಲ್ಪ ಸೊಟ್ಟ.

ಆಟದ ಸಾಮಾನಿಗೆ ದುಡ್ಡು ಹಾಕುವುದು ದಂಡ ಎಂಬ ಮತದವರು ನಮ್ಮ ತಂದೆ. ಆದರೂ ಆ ಅಂಗಡಿಯ ಮುಂದೆ ಅವರು ಅರ್ಧ ಗಂಟೆ ನಿಂತದ್ದನ್ನು ನಾನು ನೋಡಿದ್ದೇನೆ. ನಯಾಪೈಸೆ ಬಂದು ನಾಲ್ಕಾರು ವರ್ಷವಾಗಿದ್ದರೂ ನಾಲ್ಕಾಣೆ ಎಂದೇ ಬೆಲೆ ಹೇಳುತ್ತಿದ್ದ ಕಾಲ. ಮೂರಾಣೆಗೆ ಕೇಳಿ, ನಾಲ್ಕಾಣೆ ಕೊಟ್ಟು, ಬುಗುರಿಯನ್ನು ಜೇಬಿನಲ್ಲಿ ಹಾಕಿಕೊಂಡು, ರೈಲು ಹತ್ತಿದ ಮೇಲೆ ನನ್ನ ಕೈಗೆ ಕೊಟ್ಟರು. ಅಂಗಡಿಯಲ್ಲೇ ಕೊಟ್ಟಿದ್ದರೆ ತಮ್ಮನೂ ಕೇಳುತ್ತಿದ್ದ ಎಂಬುದು ಅವರ ಲೆಕ್ಕಾಚಾರ.

ಮಾಗಡಿಯ ವಿಷಯ ಹೆಚ್ಚು ಹೇಳಲಾರೆ, ಅಲ್ಲಿಗೆ ನಾವು ಹೋದದ್ದು ಎರಡೇ ಸಲ. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದವರು ಮುಂದೆ ರಾಜ್ಯವಾಳಿದ ಊರು. ತಿರುಮಲೆಯ ರಂಗನಾಥಸ್ವಾಮಿಯ ಊರು. ಬಸ್ಸು ಕುಲುಕಿದ ಕುಲುಕಿಗೆ ಪುಳಿಯೋಗರೆಯೂ ಮೊಸರನ್ನವೂ ಒಂದಾಗಿದ್ದುವು. ಸಾವನದುರ್ಗದ ಬುಡದಲ್ಲಿ ವೀರಭದ್ರ, ನರಸಿಂಹ ಇಬ್ಬರ ಗುಡಿಗಳೂ ಇವೆ. ಮೇಲಕ್ಕೆ ನೋಡಿದರೆ ಒಂದೇ ಬಂಡೆ. ಸಮುದ್ರಮಟ್ಟದಿಂದ 1226 ಮೀಟರು ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರ. ಇಂಥ ಕೋಟೆಯನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಹತ್ತಿ ಹಿಡಿಯಿತೆಂದು ತಂದೆಯವರು ಹೇಳಿದರು. ಅಜ್ಜಿ, “ಅವರಿಗೆ ಬುತ್ತಿ ಹೊರೋದು ಇರಲಿಲ್ಲ, ಹತ್ತಿದರು” ಎಂದು ಬುಡದಲ್ಲೇ ಜಮಖಾನೆ ಹಾಸಿದರು. ಅಲ್ಲಿಗೆ ನಮ್ಮ ದಂಡಯಾತ್ರೆ ಮುಗಿಯಿತು.

ಕನಕಪುರಕ್ಕೆ, ಅಂದರೆ ಅಜ್ಜಿಯ ಬಾಯಲ್ಲಿ ಕಾನಕಾನಹಳ್ಳಿಗೆ, ಹೋದರೆ ಸಂಗಮಕ್ಕೆ ಹೋಗಬೇಕು. ದೊಡ್ಡಆಲಹಳ್ಳಿಯ ಮೇಲೆ ಹಾಯ್ದು ಕಾಡಿನ ನಡುವೆ ಇಳಿದರೆ, ಎಡಗಡೆಯಿಂದ ಅರ್ಕಾವತಿ ಬಂದು ಕಾವೇರಿಗೆ ಸೇರುವ ಸ್ಥಳ. ನಂದಿಯ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ ಎಂದು ನಮ್ಮ ಊರುಗಳನ್ನೆಲ್ಲ ಬಳಸಿಕೊಂಡು ಬಂದ ನದಿ ಇಲ್ಲಿ ತನ್ನ ಹೆಸರು ಕಳೆದುಕೊಳ್ಳುತ್ತದೆ. ಅದನ್ನು ದಾಟಿ ಸುಮಾರು 4 ಕಿಲೋಮೀಟರು ಮುಂದೆ ಹೋದರೆ ಮೇಕೆದಾಟು. ಅಷ್ಟಗಲ ಹರಿದ ಕಾವೇರಿ ಎರಡು ಬಂಡೆಗಳ ಸಂದಿನಲ್ಲಿ ಹೇಗೆ ಹಿಡಿಸಿತೆಂದು ಆಶ್ಚರ್ಯಪಡುವಂಥ ಕಮರಿ. ಅಲ್ಲಿಯವರೆಗೆ ನಡೆದವರು ತಂದೆಯವರು ಮತ್ತು ಮಾವ ಮಾತ್ರ. ಮಕ್ಕಳಿಗೆ ಸಂಗಮವೇ ಮೇಕೆದಾಟು.

ಮಂಡಿಯುದ್ದ ನೀರಿನಲ್ಲಿ ಮರಳು ಕಾಣುತ್ತಿತ್ತು; ಮೀನುಮರಿಗಳು ಕಾಲು ಕಚ್ಚುತ್ತಿದ್ದುವು. ಮಿಂದು ಬಂದು ಮರದ ನೆರಳಲ್ಲಿ ಎಲೆ ಹಾಸಿದೆವು. ಎಂದಿನಂತೆ ಅಮ್ಮ ಬಡಿಸಲು ಸೆರಗು ಕಟ್ಟಿದಳು. ಆಗ ತಂದೆಯವರು, “ನೀನು ಕೂತುಕೋ, ನಾನು ಬಡಿಸುತ್ತೇನೆ” ಎಂದರು. ಅಮ್ಮ ಅತ್ತೆಯ ಕಡೆ ನೋಡಿದಳು. ಅತ್ತೆ ಅಜ್ಜಿಯ ಕಡೆ ನೋಡಿದರು. ಅಜ್ಜಿ ನದಿಯ ಕಡೆ ನೋಡುತ್ತಿದ್ದರು. ಮಾವ ಉಪ್ಪಿನಕಾಯಿ ಜಾಡಿ ಎತ್ತಿಕೊಂಡರು, ತಂದೆಯವರು ಪುಳಿಯೋಗರೆಯ ಪಾತ್ರೆ ಹಿಡಿದರು. ಅಮ್ಮ ನಮ್ಮ ಪಂಕ್ತಿಯಲ್ಲಿ ನನಗೂ ತಮ್ಮನಿಗೂ ನಡುವೆ ಕೂತು ಊಟ ಮಾಡಿದಳು. ತಂದೆಯವರಿಗೆ ಬಡಿಸಿ ಅಭ್ಯಾಸವಿರಲಿಲ್ಲ. ಎಲೆಯ ತುದಿಗೆ ಅನ್ನ, ನಡುವೆ ಉಪ್ಪು. ಯಾರೂ ಏನೂ ಹೇಳಲಿಲ್ಲ. ಅಮ್ಮ ಮಾತ್ರ ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ಅವಳಿಗೆ ಪುಳಿಯೋಗರೆ ಇಷ್ಟವೆಂಬುದು ನನಗೆ ಗೊತ್ತಾದದ್ದು ಆ ದಿನ.

ಮರುದಿನ ಸೋಮವಾರ, ನಸುಕಿಗೆ ನಲ್ಲಿ ಕೆಮ್ಮಿತು, ಅಮ್ಮ ಬಿಂದಿಗೆ ಎತ್ತಿಕೊಂಡಳು, ತಂದೆಯವರು ಹತ್ತಕ್ಕೆ ಸೈಕಲ್ ಹತ್ತಿದರು. ಮನೆಯಲ್ಲಿ ಅವರು ಮತ್ತೆ ಬಡಿಸಲಿಲ್ಲ. ಆದರೆ ಆ ಮೇಲೆ ಹೋದ ಪ್ರತಿಯೊಂದು ಹೋಗಿಬರುವ ಊರಿನಲ್ಲೂ ಬಡಿಸುವ ಕೆಲಸ ಅವರದಾಯಿತು. ನಾಲ್ಕು ಗೋಡೆಯೊಳಗೆ ಆಗದ್ದು ಮರದ ಕೆಳಗೆ ಆಗುತ್ತಿತ್ತು. ಹೊರಗೆ ಹೋಗುವುದೆಂದರೆ ಅಷ್ಟೇ ಇರಬೇಕು ಎಂದು ನನಗೆ ತೋರುತ್ತದೆ. ನೋಡುವ ಸ್ಥಳ ನೆಪ.

ಈಗಿನ ನಗರದ ದಿನಚರಿ ನಿಮಗೇ ಗೊತ್ತಿದೆ, ನಾನು ವರ್ಣಿಸಬೇಕಾಗಿಲ್ಲ. ಆಫೀಸಿಗೆ ಹೋಗಿ ಬರುವುದೇ ಒಂದು ಪ್ರಯಾಣವಾಗಿರುವಾಗ, ಭಾನುವಾರ ಇನ್ನೊಂದು ಪ್ರಯಾಣವೇ ಎನ್ನುವವರನ್ನು ನಾನು ದೂರಲಾರೆ. ಮನೆಯಲ್ಲಿ ಬಿಂದಿಗೆಯ ಸಾಲಿಲ್ಲ. ತಿರುಪು ತಿರುಗಿಸಿದರೆ ನೀರು. ಆ ನೀರಿನ ದಾರಿ ಮಾತ್ರ ಸ್ವಲ್ಪ ಕೇಳಿ. 1974ರಿಂದ ಬೆಂಗಳೂರು ಕುಡಿಯುತ್ತಿರುವುದು ಕಾವೇರಿಯನ್ನು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಎತ್ತಿ, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆ ನೂಕಿ, ಕನಕಪುರದ ರಸ್ತೆಯಗುಂಟ ಕೊಳವೆಯಲ್ಲಿ ತರುತ್ತಾರೆ. ನಾವು ಸ್ನಾನ ಮಾಡಿ, ಪಾತ್ರೆ ತೊಳೆದು, ಚರಂಡಿಗೆ ಬಿಟ್ಟದ್ದರಲ್ಲಿ ಬಹುಪಾಲು ವೃಷಭಾವತಿಗೆ ಹೋಗುತ್ತದೆ. ವೃಷಭಾವತಿ ಕೆಂಗೇರಿ ದಾಟಿ, ಬಿಡದಿಯ ಹತ್ತಿರದ ಬೈರಮಂಗಲದ ಕೆರೆ ತುಂಬಿ, ಕನಕಪುರದ ಕಡೆಗೆ ಹರಿದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕಾರ್ಖಾನೆಗಳ ಕೊಳೆಯೂ ಜೊತೆಗೆ. ಬೈರಮಂಗಲದ ಸುತ್ತಿನ ರೈತರು ಆ ನೊರೆಗಟ್ಟಿದ ನೀರಿನಲ್ಲೇ ಬೆಳೆ ತೆಗೆದವರು. ಬಾವಿಯ ನೀರು ಕೆಟ್ಟಿತೆಂದು ವರ್ಷಗಳಿಂದ ಹೇಳುತ್ತಿರುವವರು. ಅಂದು ನಾವು ವರ್ಷಕ್ಕೊಮ್ಮೆ ಸಂಗಮಕ್ಕೆ ಹೋಗಿಬರುತ್ತಿದ್ದೆವು. ಇಂದು ನಮ್ಮ ಮನೆಯ ಕೊಳೆನೀರು ದಿನವೂ ಹೋಗುತ್ತದೆ, ಬರುವುದಿಲ್ಲ.

ದಾರಿಯೂ ಬದಲಾಗಿದೆ. 2023ರ ಮಾರ್ಚ್ 12ರಂದು ಮೈಸೂರಿನ ಹೊಸ ಹೆದ್ದಾರಿ ಲೋಕಾರ್ಪಣೆಯಾಯಿತು. ಸುಮಾರು 118 ಕಿಲೋಮೀಟರು. ಮೂರು ಗಂಟೆಯ ಹಾದಿ ಒಂದೂವರೆ ಗಂಟೆಗೆ ಇಳಿಯಿತು. ದೂರದ ರೋಗಿಗೆ, ವ್ಯಾಪಾರಸ್ಥನಿಗೆ ಇದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆ ಬಿಡದಿಯ ಹೊರಗೆ, ರಾಮನಗರ ಚನ್ನಪಟ್ಟಣಗಳ ಹೊರಗೆ ಹಾಯ್ದುಹೋಗುತ್ತದೆ. ಅದೇ ವರ್ಷದ ಆಗಸ್ಟಿನಿಂದ ಸ್ಕೂಟರು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮೇಲೆ ಪ್ರವೇಶವಿಲ್ಲ. ಅವು ಪಕ್ಕದ ರಸ್ತೆಯಲ್ಲಿ ಹೋಗಬೇಕು. ಅಪ್ಪ, ಅಮ್ಮ, ಮುಂದೆ ನಿಂತ ಮಗು, ಮಡಿಲಲ್ಲಿ ಇನ್ನೊಂದು. ಹೀಗೆ ಸ್ಕೂಟರಿನಲ್ಲಿ ಕೆಂಗಲ್ ಹನುಮಂತರಾಯನ ಗುಡಿಗೆ ಬರುತ್ತಿದ್ದ ಸಂಸಾರ ಈಗ ಪಕ್ಕದ ರಸ್ತೆಯ ಸಂಸಾರ. ಕೆಂಪು ಕಲ್ಲಿನ ಆ ಹನುಮನ ಹೆಸರು ಹೊತ್ತ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾಗಿ ವಿಧಾನಸೌಧ ಕಟ್ಟಿಸಿದವರು. ಅವರ ಊರೂ ಇದೇ ಸೀಮೆ. ಇವತ್ತು ಕಾರಿನಲ್ಲಿ ಕೂತ ಮಗು ಆ ಗುಡಿಯನ್ನು ಕಾಣುವುದೇ ಇಲ್ಲ.

ಹೋದ ವರ್ಷ ಮೊಮ್ಮಗನನ್ನು ಕರೆದುಕೊಂಡು ಹಳೆಯ ರಸ್ತೆಯಲ್ಲಿ ಚನ್ನಪಟ್ಟಣಕ್ಕೆ ಹೋಗಿದ್ದೆ. ದಾರಿಯಲ್ಲಿ ಜಾನಪದ ಲೋಕವಿದೆ, ಎಚ್. ಎಲ್. ನಾಗೇಗೌಡರು ಕಟ್ಟಿ 1994ರಲ್ಲಿ ತೆರೆದದ್ದು. ಅಲ್ಲಿ ಮೊರ, ಒನಕೆ, ಕೂಜಗಳನ್ನು ಜೋಡಿಸಿಟ್ಟಿದ್ದಾರೆ. ಮೊಮ್ಮಗ ಅವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನನ್ನನ್ನೂ ಅಲ್ಲೇ ಬಿಟ್ಟುಹೋಗಬಹುದೇ ಎಂದು ಯೋಚಿಸುತ್ತಿರಬೇಕು. ಚನ್ನಪಟ್ಟಣದ ಹಳೆಯ ರಸ್ತೆಯ ಬದಿಯಲ್ಲಿ ಬೊಂಬೆ ಅಂಗಡಿಗಳ ಸಾಲು. ಒಂದರಲ್ಲಿ ಹೆಂಗಸೊಬ್ಬರು ಕೂತಿದ್ದರು. “ಮೊದಲು ಬಸ್ಸು ಇಲ್ಲೇ ನಿಲ್ಲೋದು ಸಾರ್, ಮಕ್ಕಳು ಅಳೋವು, ತಾಯಂದಿರು ಇಳಿಯೋರು. ಈಗ ಅಳೋ ಮಕ್ಕಳು ಮೇಲಿನ ರಸ್ತೇಲಿ ಹೋಗ್ತವೆ” ಎಂದರು. ಅವರು ದೂರುವ ದನಿಯಲ್ಲಿ ಹೇಳಲಿಲ್ಲ, ಹವೆಯ ವಿಷಯ ಹೇಳಿದಂತೆ ಹೇಳಿದರು. ಅತ್ತ ಪ್ಲಾಸ್ಟಿಕ್ಕಿನ ಪೈಪೋಟಿ ತಡೆದುಕೊಂಡು, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದು, ಪರದೇಶಗಳಿಗೂ ಹೋಗುತ್ತಿರುವ ಬೊಂಬೆಗೆ ಬೆಂಗಳೂರಿನ ಕಾರು ನಿಲ್ಲದಂತಾಯಿತು.

ನಾನು ಬುಗುರಿ ಕೊಂಡೆ. ಮೊಮ್ಮಗನಿಗೆ ದಾರ ಸುತ್ತುವುದು ಬಾರದು. ಆ ಹೆಂಗಸೇ ಅಂಗಡಿಯಿಂದ ಇಳಿದು ಬಂದು ಎರಡು ಸಲ ಸುತ್ತಿ ತೋರಿಸಿದರು. ಮೂರನೆಯ ಸಲಕ್ಕೆ ಅವನೇ ಬಿಟ್ಟ. ರಸ್ತೆ ಖಾಲಿಯಿದ್ದುದರಿಂದ ಬುಗುರಿ ಬಹಳ ಹೊತ್ತು ಆಡಿತು.

ಮೈಸೂರಿನ ದಾರಿಯಲ್ಲಿ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ರೈಲುಗಾಡಿಗಳು ಈಗಲೂ ಇವೆ. ಹಳಿ ಅಗಲವಾಗಿದೆ, ಜೋಡಿಯಾಗಿದೆ, ವಿದ್ಯುತ್ತು ಬಂದಿದೆ. ಕಣ್ಣಿಗೆ ಇದ್ದಿಲು ಬೀಳುವ ಭಯವಿಲ್ಲ. ಬರುವ ತಿಂಗಳು ಒಂದು ಭಾನುವಾರ ರಾಮನಗರದಲ್ಲಿಳಿದು ಬೆಟ್ಟದ ಕಡೆ ಹೋಗಿಬರೋಣವೆಂದು ಮನೆಯಲ್ಲಿ ಮಾತಾಗಿದೆ. ಸೊಸೆಗೆ ವಾರವೆಲ್ಲ ಕೆಲಸ, ಭಾನುವಾರ ಮೂರು ಗಂಟೆಗೆ ಏಳು ಎಂದು ಹೇಳುವ ಧೈರ್ಯ ನನಗಿಲ್ಲ. ಗೊಜ್ಜನ್ನು ನಾನು ಕುದಿಸುವುದೆಂದೂ ಅನ್ನವನ್ನು ಮಗ ಮಾಡುವುದೆಂದೂ ಒಪ್ಪಂದವಾಗಿದೆ. ಬಡಿಸುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮೊಮ್ಮಗ ತಾನು ಎನ್ನುತ್ತಿದ್ದಾನೆ.